ಬಣ್ಣದ ಡಬ್ಬಿ ಮುಚ್ಚಿಟ್ಟವರು ಯಾರು?

ನಲವತ್ತು ದಾಟಿದವರು ಪುಸ್ತಕದಂಗಡಿಗೆ ಹೋಗಿ ಬಣ್ಣದ ಪೆನ್ಸಿಲ್ ಕೇಳಿದರೆ ಅಂಗಡಿಯವರು ಮರುಪ್ರಶ್ನೆ ಹಾಕುತ್ತಾರೆ: ‘ಮಗು ಎಷ್ಟನೇ ಕ್ಲಾಸು?’ ‘ನನಗೇ ಬೇಕು’ ಎನ್ನಲು ಬಹಳ ಜನರಿಗೆ ಸಂಕೋಚ. ಈ ಸಂಕೋಚದ ಬೇರು ಎಲ್ಲಿದೆ? ಚಿತ್ರಕ್ಕೆ ಬಣ್ಣ ತುಂಬುವ ಸುಖ ಮಕ್ಕಳಿಗಷ್ಟೇ ಮೀಸಲೇ? ದೊಡ್ಡವರು ಅದಕ್ಕೆ ಮರಳುವುದು ಕಳೆದ ಕಾಲದ ಹಂಬಲವೇ, ಇಲ್ಲ ಅವರದೇ ಆದ ಒಂದು ಅಗತ್ಯವೇ? ಹಂಬಲದಿಂದ ಶುರುವಾದರೂ ಅದು ಅಗತ್ಯವೇ ಎಂದು ನಾನು ನಂಬಿದ್ದೇನೆ.

ಬಣ್ಣ ತುಂಬುವುದನ್ನು ಯಾರೂ ಒಂದು ದಿನ ನಿರ್ಧರಿಸಿ ಬಿಟ್ಟವರಲ್ಲ. ಒಂದನೇ ಕ್ಲಾಸಿನಲ್ಲಿ ಮಾವಿನಹಣ್ಣು ನೇರಳೆ ಬಣ್ಣದ್ದಾದರೂ ನಡೆಯುತ್ತದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಗೆರೆ ದಾಟಬಾರದು, ಎಲೆ ಹಸಿರೇ ಆಗಿರಬೇಕು. ಹೈಸ್ಕೂಲಿನಲ್ಲಿ ಮಕ್ಕಳು ಎರಡು ಗುಂಪಾಗುತ್ತಾರೆ: ಡ್ರಾಯಿಂಗ್ ಬರುವವರು, ಬಾರದವರು. ಬರುವವರು ಲೋಯರ್, ಹೈಯರ್ ಪರೀಕ್ಷೆ ಕಟ್ಟುತ್ತಾರೆ. ಉಳಿದವರ ಪಾಲಿಗೆ ಬಣ್ಣವೆಂದರೆ ಭಾರತದ ನಕ್ಷೆಯ ಮೂರು ಕಡೆ ಸಮುದ್ರಕ್ಕೆ ಬಳಿಯುವ ನೀಲಿ, ಅಷ್ಟೇ. ಎಸ್ಸೆಸ್ಸೆಲ್ಸಿ ಹೊತ್ತಿಗೆ ಡ್ರಾಯಿಂಗ್ ಪೀರಿಯಡ್ಡು ಎಷ್ಟೋ ಶಾಲೆಗಳಲ್ಲಿ ಗಣಿತದ ಪಾಲಾಗುತ್ತದೆ. ಎಲ್ಲರ ಕೈಗೂ ಒಗ್ಗಿದ್ದ ಕೆಲಸ ಹೀಗೆ ಕೆಲವರ ಪ್ರತಿಭೆಯಾಯಿತು. ಮಿಕ್ಕವರು ತಮಗದು ಒಲಿಯಲಿಲ್ಲವೆಂದು ಒಪ್ಪಿಕೊಂಡು ಸುಮ್ಮನಾದರು.

ಬಾಲ್ಯದ ಕ್ರೇಯಾನ್‌ಗಳ ನೆನಪು ಇಷ್ಟು ಕಾಡುವುದೇಕೆ ಎಂಬುದಕ್ಕೆ ಇಲ್ಲಿ ಉತ್ತರವಿದೆ. ಮೇಣದ ವಾಸನೆ, ತುಂಡಾದ ಕೆಂಪು ಕಡ್ಡಿ, ಸುತ್ತಿದ ಕಾಗದವನ್ನು ಉಗುರಿನಿಂದ ಬಿಡಿಸುತ್ತಿದ್ದದ್ದು, ಇವೆಲ್ಲ ಹಿತವಾದ ನೆನಪುಗಳು ಹೌದು. ಆದರೆ ಅವುಗಳ ಹಿಂದೆ ಇರುವುದು ಯಾರೂ ಅಳೆಯದ, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಕೆಲಸದಲ್ಲಿ ಮುಳುಗಿದ್ದ ಅನುಭವ. ದೊಡ್ಡವರ ದಿನಚರಿಯಲ್ಲಿ ಅಂಥ ಕೆಲಸ ಒಂದೂ ಉಳಿದಿರುವುದಿಲ್ಲ. ನಡೆದಾಡಿದರೆ ಹೆಜ್ಜೆ ಎಣಿಸುತ್ತೇವೆ, ಪುಸ್ತಕ ಓದಿದರೆ ವರ್ಷಕ್ಕೆಷ್ಟೆಂದು ಬರೆದಿಡುತ್ತೇವೆ.

ಈ ಹಸಿವನ್ನು ಮಾರುಕಟ್ಟೆ ಬೇಗ ಗುರುತಿಸಿತು. ಸ್ಕಾಟ್ಲೆಂಡಿನ ಕಲಾವಿದೆ ಜೋಹಾನಾ ಬ್ಯಾಸ್ಫರ್ಡ್ 2013ರಲ್ಲಿ ದೊಡ್ಡವರಿಗೆಂದೇ ತಂದ ‘ಸೀಕ್ರೆಟ್ ಗಾರ್ಡನ್’ ಎಂಬ ಬಣ್ಣ ತುಂಬುವ ಪುಸ್ತಕದ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. 2015ರ ಹೊತ್ತಿಗೆ ಇಂಥ ಪುಸ್ತಕಗಳ ಮಳೆಯೇ ಸುರಿಯಿತು. ಹೆಚ್ಚಿನವುಗಳ ಮುಖಪುಟದಲ್ಲಿ ಒಂದೇ ಭರವಸೆ: ಒತ್ತಡ ಕಳೆಯುತ್ತದೆ, ಮನಸ್ಸು ಶಾಂತವಾಗುತ್ತದೆ. ಇದು ಪೂರ್ತಿ ಪೊಳ್ಳಲ್ಲ. ಅಮೆರಿಕದ ನ್ಯಾನ್ಸಿ ಕರಿ ಮತ್ತು ಟಿಮ್ ಕ್ಯಾಸರ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 84 ಕಾಲೇಜು ವಿದ್ಯಾರ್ಥಿಗಳಿಗೆ ಮೊದಲು ಸ್ವಲ್ಪ ಆತಂಕ ಹುಟ್ಟಿಸಿ, ಆಮೇಲೆ ಬಣ್ಣ ಹಚ್ಚಲು ಕೊಟ್ಟರು. ಕೆಲವರಿಗೆ ಮಂಡಲದ ವಿನ್ಯಾಸ, ಕೆಲವರಿಗೆ ಚೌಕುಳಿ ವಿನ್ಯಾಸ, ಇನ್ನು ಕೆಲವರಿಗೆ ಖಾಲಿ ಹಾಳೆ. ಮಂಡಲಕ್ಕೂ ಚೌಕುಳಿಗೂ ಬಣ್ಣ ತುಂಬಿದವರ ಆತಂಕ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಿತು. ಖಾಲಿ ಹಾಳೆ ಹಿಡಿದವರಿಗೆ ಆ ಫಲ ಸಿಗಲಿಲ್ಲ. ಅಂದರೆ ಮಂಡಲದಲ್ಲಿ ವಿಶೇಷ ಮಹಿಮೆಯೇನೂ ಇರಲಿಲ್ಲ. ಯಾರೋ ಮೊದಲೇ ಎಳೆದಿಟ್ಟ ಗೆರೆಯೇ ನೆರವಾಯಿತು.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಮುದ್ರಿತ ಗೆರೆಯೊಳಗೆ ಬಣ್ಣ ತುಂಬುವುದು ಸೃಜನಶೀಲತೆಯನ್ನು ಕುಂಠಿತಗೊಳಿಸುತ್ತದೆ ಎಂದು ಕಲಾಶಿಕ್ಷಣದ ಚಿಂತಕ ವಿಕ್ಟರ್ ಲೋವೆನ್‌ಫೆಲ್ಡ್ 1947ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದರು. ಮಗುವಿನ ಮಟ್ಟಿಗೆ ಈ ಮಾತನ್ನು ನಾನು ಒಪ್ಪುತ್ತೇನೆ. ತನ್ನದೇ ಹಸು ಬರೆಯಬಲ್ಲ ಮಗುವಿಗೆ ಅಚ್ಚಿನ ಹಸು ಕೊಟ್ಟರೆ, ತನ್ನದು ತಪ್ಪು ಎಂದು ಅದು ಕಲಿಯುತ್ತದೆ. ಆದರೆ ದೊಡ್ಡವರ ಸ್ಥಿತಿ ಬೇರೆ. ಬೆಳಗಿನಿಂದ ರಾತ್ರಿಯವರೆಗೆ ಮನೆ, ಕಚೇರಿ, ಸಾಲ, ಔಷಧ ಎಂದು ತೀರ್ಮಾನಗಳಲ್ಲೇ ದಣಿದವರಿಗೆ ಖಾಲಿ ಹಾಳೆ ಮತ್ತೊಂದು ಹೊರೆ. ಎಳೆದಿಟ್ಟ ಗೆರೆ ಆ ಹೊರೆಯನ್ನು ಹೊತ್ತು, ಯಾವ ಬಣ್ಣ ಎಂಬ ಒಂದೇ ಆಯ್ಕೆಯನ್ನು ನಮಗೆ ಬಿಡುತ್ತದೆ.

ನಮ್ಮ ನೆಲಕ್ಕೆ ಇದು ಹೊಸ ಸಂಗತಿಯೂ ಅಲ್ಲ. ಚುಕ್ಕಿ ರಂಗೋಲಿಯನ್ನೇ ನೋಡಿ. ಮೊದಲು ಚುಕ್ಕಿಯ ಸಾಲು, ಆಮೇಲೆ ಎಳೆ, ಸಂಕ್ರಾಂತಿ ಯುಗಾದಿಗಳಲ್ಲಿ ಕೊನೆಗೆ ಬಣ್ಣದ ಪುಡಿ. ಎಪ್ಪತ್ತರ ಅಜ್ಜಿ ಅಂಗಳದಲ್ಲಿ ಕೂತು ಕಮಲದ ಎಸಳಿಗೆ ಗುಲಾಬಿ ಪುಡಿ ಉದುರಿಸುವಾಗ ಅದನ್ನು ಮಕ್ಕಳಾಟ ಎಂದವರಿಲ್ಲ. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಗೆರೆ ಎಳೆದು ಹಸೆ ಚಿತ್ತಾರ ಬರೆಯುತ್ತಾರೆ. ಯಕ್ಷಗಾನದ ಚೌಕಿಯಲ್ಲಿ ಗಂಡಸರು ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಾರೆ. ಬೆಳಗಾದರೆ ಆ ಬಣ್ಣ ತೊಳೆದುಹೋಗುತ್ತದೆ, ಮರುದಿನ ರಂಗೋಲಿ ಗುಡಿಸಿಹೋಗುತ್ತದೆ. ಉಳಿಯುವುದಿಲ್ಲವೆಂದು ಗೊತ್ತಿದ್ದೇ ಶ್ರದ್ಧೆಯಿಂದ ಮಾಡುವುದು ಪ್ರೌಢರ ಗುಣ. ರಂಗೋಲಿ ಹೆಂಗಸರ ಪಾಲಿಗೆ ಎಷ್ಟೋ ಬಾರಿ ಕರ್ತವ್ಯದ ಭಾರವೂ ಆಗಿತ್ತು, ನಿಜ. ಆ ಭಾರ ಹೋಗಲಿ. ಸುಖ ಮಾತ್ರ ಮನೆಯ ಎಲ್ಲರಿಗೂ ದಕ್ಕಲಿ.

ಮರಳಿ ಬಣ್ಣ ಹಿಡಿದವರಿಗೆ ಇನ್ನೊಂದು ಸಂಗತಿ ಬೇಗ ತಿಳಿಯುತ್ತದೆ: ಇದು ಬಿಟ್ಟುಬಂದ ಕೆಲಸವೇ ಅಲ್ಲ. ಮಗು ಪೆನ್ಸಿಲನ್ನು ಒತ್ತಿ ತಿಕ್ಕುತ್ತದೆ. ಬಣ್ಣದ ಪೆನ್ಸಿಲಿನ ಕಡ್ಡಿಯಲ್ಲಿ ಸಾಮಾನ್ಯವಾಗಿ ಮೇಣವಿರುತ್ತದೆ. ಒತ್ತಿದ ಜಾಗ ನುಣುಪಾಗಿ ಹೊಳೆದು, ಅದರ ಮೇಲೆ ಇನ್ನೊಂದು ಬಣ್ಣ ಕೂರುವುದಿಲ್ಲ. ಕೈ ಹಗುರ ಮಾಡಿ ಮೊದಲು ಹಳದಿಯ ತೆಳು ಪದರ, ಅದರ ಮೇಲೆ ಹಸಿರು, ನರದ ಪಕ್ಕ ಚೂರು ಕಂದು ಹಾಯಿಸಿದರೆ ಎಲೆಗೆ ಬಿಸಿಲು ಬಿದ್ದಂತಾಗುತ್ತದೆ. ನೆರಳಿಗೆ ಕಪ್ಪಿಗಿಂತ ನೀಲಿ ಚೆನ್ನ ಎಂಬುದು ಮಾಡುತ್ತ ಮಾಡುತ್ತ ಗೊತ್ತಾಗುತ್ತದೆ. ಅವಸರವಿಲ್ಲದೆ ಪದರದ ಮೇಲೆ ಪದರ ಕಟ್ಟುವ ಈ ತಾಳ್ಮೆ ಬಾಲ್ಯದಲ್ಲಿ ನಮ್ಮಲ್ಲಿರಲಿಲ್ಲ. ಬಾಲ್ಯದ ನೆನಪು ಹಾಳೆಯ ತನಕ ಕರೆದುಕೊಂಡು ಬರುತ್ತದೆ. ಅಲ್ಲಿಂದ ಮುಂದೆ ನಡೆಯುವುದು ವಯಸ್ಸು ಕಲಿಸಿದ ನಿಧಾನ.

ಹಾಗಿರುವಾಗ ಎರಡು ವಿಷಯದಲ್ಲಿ ಎಚ್ಚರ ಬೇಕು. ಒಂದು, ದುಬಾರಿ ಸೆಟ್ಟು ಕೊಳ್ಳುವುದೇ ಹವ್ಯಾಸವಾಗಬಾರದು. 1903ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಕ್ರೇಯೋಲಾ ಡಬ್ಬಿಯಲ್ಲಿ ಇದ್ದದ್ದು ಎಂಟೇ ಬಣ್ಣ. ಬೆರೆಸಲು ಕಲಿತವರಿಗೆ ಅಷ್ಟು ಸಾಕು. ಎರಡು, ಮುಗಿದ ಹಾಳೆಯ ಫೋಟೊ ತೆಗೆದು ಮೆಚ್ಚುಗೆ ಎಣಿಸಲು ಕೂತರೆ, ಶಾಲೆಯಲ್ಲಿ ಬಣ್ಣವನ್ನು ನಮ್ಮಿಂದ ಕಿತ್ತುಕೊಂಡ ಅದೇ ಅಂಕಪಟ್ಟಿಯನ್ನು ನಾವೇ ಮನೆಗೆ ಕರೆತಂದಂತೆ. ಫೋನಿನ ಪರದೆಯಲ್ಲಿ ಬೆರಳು ತಾಗಿಸಿದೊಡನೆ ಇಡೀ ಎಸಳು ಕೆಂಪಾಗುವ ಆ್ಯಪುಗಳಿಂದಲೂ ಈ ಸುಖ ಸಿಗದು. ಅಲ್ಲಿ ಕೈಗೆ ಕೆಲಸವೇ ಇಲ್ಲ.

ಈ ವಾದ ದೊಡ್ಡವರ ಬಿಡುವಿನ ವೇಳೆಗೆ ಮಾತ್ರ ಸೀಮಿತವಲ್ಲ. ಒಂದು ಕೆಲಸವನ್ನು ಚೆನ್ನಾಗಿ ಮಾಡಬಲ್ಲವರಿಗೆ ಮಾತ್ರ ಅದನ್ನು ಮಾಡುವ ಹಕ್ಕು ಎಂಬ ನಂಬಿಕೆಯಿಂದ ನಾವು ಹಾಡು, ಕುಣಿತ, ಚಿತ್ರ ಎಲ್ಲವನ್ನೂ ವೇದಿಕೆಯವರಿಗೆ ಒಪ್ಪಿಸಿ ಪ್ರೇಕ್ಷಕರಾಗಿದ್ದೇವೆ. ಬಣ್ಣ ತುಂಬಲು ಕೂತ ಸಾಮಾನ್ಯ ಮನುಷ್ಯ ಆ ನಂಬಿಕೆಯನ್ನು ಮುರಿಯುತ್ತಾನೆ. ಆದ್ದರಿಂದ ಶಾಲೆಗಳು ಡ್ರಾಯಿಂಗ್ ಪೀರಿಯಡ್ಡನ್ನು ಹತ್ತನೇ ತರಗತಿಯವರೆಗೂ ಉಳಿಸಿಕೊಳ್ಳಲಿ, ಅದಕ್ಕೆ ಅಂಕ ಹಾಕುವುದನ್ನು ಬಿಡಲಿ. ಅಪ್ಪ ಅಮ್ಮಂದಿರು ಮಗುವಿನ ಚಿತ್ರ ತಿದ್ದುವುದನ್ನು ನಿಲ್ಲಿಸಿ, ಪಕ್ಕದಲ್ಲಿ ತಮ್ಮದೇ ಹಾಳೆ ಇಟ್ಟುಕೊಂಡು ಕೂರಲಿ. ದೊಡ್ಡವರು ಬಣ್ಣ ಹಚ್ಚುವುದನ್ನು ನೋಡುತ್ತ ಬೆಳೆದ ಮಗುವಿಗೆ, ಅದನ್ನು ಬಿಡಬೇಕಾದ ವಯಸ್ಸೊಂದಿದೆ ಎಂದು ಅನ್ನಿಸಲು ಕಾರಣವೇ ಇರುವುದಿಲ್ಲ.