ಬೀರುವಿನಲ್ಲಿರುವ ರೈಲಿಗೆ ದೀಪ ಹಾಕೋಣವೇ?

ನಮ್ಮ ಶಾಲೆಯ ಬೀರುವಿನಲ್ಲಿ ಒಂದು ರೈಲಿದೆ. ಗಾಬರಿಯಾಗಬೇಡಿ, ಆಟದ ರೈಲು! ಜೂಜುವಾಡಿಯ ಹಿರಿಯರೊಬ್ಬರು ಹೊರದೇಶದಲ್ಲಿದ್ದಾಗ ಮಗನಿಗೆಂದು ತಂದದ್ದು. ಮಗ ದೊಡ್ಡವನಾದ ಮೇಲೆ ಶಾಲೆಗೆ ಕೊಟ್ಟರು. ಎರಡು ಎಂಜಿನ್, ಐದು ಬೋಗಿ, ಒಂದು ಸುತ್ತಿಗಾಗುವಷ್ಟು ಹಳಿ.

ಬೀರು ಖಾಲಿ ಮಾಡುವಾಗ ಜೊತೆಯ ಮೇಷ್ಟ್ರೊಬ್ಬರು, "ಗುಜರಿಗೆ ಹಾಕಿಬಿಡೋಣ ಸಾರ್, ಈಗ ರಿಮೋಟಿನದ್ದೇ ಸಿಗುತ್ತಲ್ಲ" ಎಂದರು. ಹಳೇ ವಿದ್ಯಾರ್ಥಿಗಳು ಸೇರಿಸಿ ಕೊಟ್ಟ ಸ್ವಲ್ಪ ಹಣವೂ ನಮ್ಮಲ್ಲಿತ್ತು. ಅದರಲ್ಲಿ ಒಂದು ಪಾಲನ್ನು ಈ ರೈಲಿಗೆ ಹಾಕೋಣ ಎಂದೆ. ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ಅತ್ತಿಬೆಲೆ ಕಡೆ ಇಂಗ್ಲಿಷ್ ಮೀಡಿಯಂಗೆ ಸೇರಿಸಿ ಅಂತ ಮನೇಲಿ ದಿನಾ ಜಗಳ. ನೀವು ನೋಡಿದ್ರೆ ಮಕ್ಕಳಿಗೆ ರೈಲಾಟ ಆಡಿಸ್ತೀನಿ ಅಂತೀರಲ್ಲ ಸಾರ್?"

ಆ ಹೊತ್ತಿಗೆ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಮೊದಲು ಈ ರೈಲು ಹೇಗೆ ಓಡುತ್ತದೆ ನೋಡಿ. ಹಳೇ ಪದ್ಧತಿಯಲ್ಲಿ ಎರಡು ಹಳಿಗಳ ನಡುವೆ ಹೆಚ್ಚೆಂದರೆ 12 ವೋಲ್ಟ್ ನೇರ ವಿದ್ಯುತ್ ಕೊಡುತ್ತೇವೆ. ವೋಲ್ಟ್ ಏರಿಸಿದರೆ ವೇಗ, ಧನ-ಋಣ ಅದಲುಬದಲು ಮಾಡಿದರೆ ಹಿಂದಕ್ಕೆ. ಅಷ್ಟೇ. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೇ ಓಡುತ್ತವೆ, ಒಟ್ಟಿಗೇ ನಿಲ್ಲುತ್ತವೆ. ದೀಪವೂ ಹಾಗೆಯೇ. ರೈಲು ಓಡಿದಾಗ ಉರಿಯುತ್ತದೆ, ನಿಲ್ದಾಣದಲ್ಲಿ ನಿಂತ ಕೂಡಲೇ ಆರುತ್ತದೆ. ನಿಜವಾದ ರೈಲು ಹಾಗೆ ಮಾಡಿದರೆ ಹೊಸೂರು ಸ್ಟೇಷನ್ನಿನಲ್ಲಿ ಜನ ಸುಮ್ಮನಿರುತ್ತಾರೆಯೇ?

ಇದಕ್ಕೆ ಪರಿಹಾರವೇ ಡಿಸಿಸಿ, ಅಂದರೆ ಅಂಕೀಯ ನಿಯಂತ್ರಣ. ಜರ್ಮನಿಯ ಲೆನ್ಜ್ ಕಂಪನಿ ಬೆಳೆಸಿದ ವಿಧಾನವನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ಇದಕ್ಕೆ ಮಾನದಂಡ ರೂಪಿಸಿತು. ಇಲ್ಲಿ ಹಳಿಯಲ್ಲಿ ಯಾವಾಗಲೂ ಪೂರ್ತಿ ವಿದ್ಯುತ್ ಇರುತ್ತದೆ. ಅದೇ ವಿದ್ಯುತ್ತು ಸಂದೇಶವನ್ನೂ ಹೊರುತ್ತದೆ. ಮಿಡಿತ ಚಿಕ್ಕದಾದರೆ 1, ಉದ್ದವಾದರೆ 0. ಪ್ರತಿ ಎಂಜಿನ್ನಿಗೂ ಒಂದು ಸಂಖ್ಯೆ ಇರುತ್ತದೆ. ಒಳಗಿರುವ ಡಿಕೋಡರ್ ಎಂಬ ಪುಟ್ಟ ಬಿಲ್ಲೆ ತನ್ನ ಸಂಖ್ಯೆ ಬಂದಾಗ ಮಾತ್ರ ಆಜ್ಞೆ ಪಾಲಿಸುತ್ತದೆ.

ಮಕ್ಕಳಿಗೆ ಇದನ್ನು ಹೇಳಲು ನನಗೆ ಎರಡೇ ನಿಮಿಷ ಸಾಕಾಯಿತು. "ಹಾಜರಿ ಕರೆಯುವಾಗ ನನ್ನ ಧ್ವನಿ ಎಲ್ಲರ ಕಿವಿಗೂ ಬೀಳುತ್ತೆ. ಆದರೆ ಎದ್ದು ನಿಲ್ಲೋದು ಯಾರು?" ಎಂದೆ. "ನಂಬರ್ ಕರೆದೋರು ಸಾರ್!" ಎಂದು ತರಗತಿಯೇ ಕೂಗಿತು. ಆಯಿತಲ್ಲ, ಅದೇ ಡಿಸಿಸಿ!

ನಾವು ಮೊದಲು ಬೋಗಿಗಳಿಗೆ ದೀಪ ಹಾಕಿದೆವು. ಹಳೇ ತಂತಿಬಲ್ಬು ಬಿಸಿಯಾಗಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಎಲ್‌ಇಡಿಗೆ ಆ ಕಾಟವಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್‌ಇಡಿ, ರೆಸಿಸ್ಟರ್, ಬ್ರಿಡ್ಜ್ ರೆಕ್ಟಿಫೈಯರ್ ಎಲ್ಲವೂ ಚಿಲ್ಲರೆ ಕಾಸಿಗೆ ಸಿಕ್ಕವು. ಎಷ್ಟು ಓಮ್‌ನ ರೆಸಿಸ್ಟರ್ ಬೇಕು? ಹತ್ತನೇ ತರಗತಿಯವರೇ ಲೆಕ್ಕ ಹಾಕಿದರು. ಎಲ್‌ಇಡಿಗೆ ಸಿಗುವುದು 14 ವೋಲ್ಟ್, ಬಿಳಿ ಎಲ್‌ಇಡಿ ತಿನ್ನುವುದು ಸುಮಾರು 3, ಉಳಿದದ್ದು 11. ಅದನ್ನು 1000 ಓಮ್‌ನಿಂದ ಭಾಗಿಸಿದರೆ 0.011 ಆಂಪಿಯರ್. ಎಲ್‌ಇಡಿಗೆ ಅಷ್ಟು ಸಾಕು. ಓಮನ ನಿಯಮವನ್ನು ಬಾಯಿಪಾಠ ಮಾಡಿಸಿದ ವರ್ಷಗಳಲ್ಲಿ ಇಂಥ ಕಣ್ಣುಗಳನ್ನು ನಾನು ನೋಡಿರಲಿಲ್ಲ.

ಎಂಜಿನ್ ಸರದಿ ಬಂದಾಗ ಎಡವಿದ್ದು ಮಾತ್ರ ನಾನೇ. ಹಳೇ ಎಂಜಿನ್ನುಗಳಲ್ಲಿ ಮೋಟಾರಿನ ಒಂದು ಬ್ರಷ್ ಲೋಹದ ಚೌಕಟ್ಟಿಗೇ ಅಂಟಿಕೊಂಡಿರುವುದುಂಟು. ಚೌಕಟ್ಟು ಹಳಿಗೆ ಸೇರಿರುತ್ತದೆ. ಅದನ್ನು ಬೇರ್ಪಡಿಸದೆ ಡಿಕೋಡರ್ ಜೋಡಿಸಿದೆ. ಸಣ್ಣ ವಾಸನೆ, ಸಣ್ಣ ಹೊಗೆ... ಸಾವಿರಗಟ್ಟಲೆ ರೂಪಾಯಿಯ ಸಾಮಾನು ಬೂದಿ! ಆ ದುಡ್ಡನ್ನು ನನ್ನ ಜೇಬಿನಿಂದಲೇ ಕಟ್ಟಿದೆ. ನೀವು ಮಾಡುವುದಾದರೆ ಮೊದಲು ಮಲ್ಟಿಮೀಟರ್ ಹಿಡಿದು ಮೋಟಾರಿಗೂ ಹಳಿಗೂ ನೇರ ಸಂಪರ್ಕ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಕೆಂಪು, ಕಪ್ಪು ತಂತಿ ಹಳಿಗೆ. ಕಿತ್ತಳೆ, ಬೂದು ಮೋಟಾರಿಗೆ. ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ. ನೀಲಿ ಎರಡೂ ದೀಪಗಳಿಗೆ ಸಾಮಾನ್ಯ. ಹಳೇ ಮೋಟಾರು ಹೆಚ್ಚು ವಿದ್ಯುತ್ ಎಳೆಯುತ್ತದೆ, ಅದನ್ನೂ ಅಳೆದುಕೊಂಡೇ ಡಿಕೋಡರ್ ಕೊಳ್ಳಿ. ನಿಯಂತ್ರಕವನ್ನು ದುಬಾರಿ ಬೆಲೆಗೆ ತರಬೇಕಿಲ್ಲ. ಆರ್ಡುಯಿನೊ ಬೋರ್ಡಿನ ಮೇಲೆ ಓಡುವ ಡಿಸಿಸಿ-ಇಎಕ್ಸ್ ಎಂಬ ಮುಕ್ತ ತಂತ್ರಾಂಶವಿದೆ.

ಇನ್ನು ನನ್ನ ಅಭಿಪ್ರಾಯ. ಎರಡು ಎಂಜಿನ್ನುಗಳಲ್ಲಿ ಒಂದನ್ನು ಮಾತ್ರ ಬದಲಿಸಬೇಕು. ಇನ್ನೊಂದು ಹಾಗೇ ಇರಲಿ. (ಅದನ್ನು ಡಿಸಿಸಿ ಹಳಿಯ ಮೇಲೆ ಇಡಬೇಡಿ, ಮೋಟಾರು ಬಿಸಿಯಾಗುತ್ತದೆ.) ಹಳೆಯದು ಹೇಗಿತ್ತು ಎಂದು ಕಾಣದವನಿಗೆ ಹೊಸದು ಬರೀ ಮಾಯಾಜಾಲ. ಎರಡನ್ನೂ ನೋಡಿದವನಿಗೆ ಅದು ವಿದ್ಯೆ. ರಿಮೋಟಿನ ಹೊಸ ರೈಲು ತಂದಿದ್ದರೆ ಮಕ್ಕಳು ಗುಂಡಿ ಒತ್ತುತ್ತಿದ್ದರು, ಅಷ್ಟೇ.

ಇನ್ನೊಂದು ಮಾತು. ನಮ್ಮ ರೈಲು 87ಕ್ಕೆ 1ರ ಅಳತೆಯದು, ಹಳಿಯ ಅಗಲ 16.5 ಮಿ.ಮೀ. ಆದರೆ ಭಾರತದ ಬ್ರಾಡ್‌ಗೇಜ್ 1676 ಮಿ.ಮೀ.; 87ರಿಂದ ಭಾಗಿಸಿದರೆ 19.3 ಬರಬೇಕು. "ಇದು ನಮ್ಮ ರೈಲಲ್ಲ ಸಾರ್" ಎಂದು ಕಂಡುಹಿಡಿದವಳು ಎಂಟನೇ ತರಗತಿಯ ಹುಡುಗಿ. ಹಾಗಾದರೆ ನಮ್ಮದು ಯಾವುದು? ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ ಬಂದ ಪುಟ್ಟ ರೈಲು 1913ರಲ್ಲಿ ಹೊಸೂರಿಗೂ ಬಂದಿತ್ತು. 762 ಮಿ.ಮೀ. ಹಳಿ. 1941ರಲ್ಲಿ ನಿಂತಿತು. ಹೊಸೂರಿನ ನಮ್ಮ ಮಕ್ಕಳಿಗೆ ಈ ವಿಷಯವೇ ಗೊತ್ತಿರಲಿಲ್ಲ! 762ನ್ನು 87ರಿಂದ ಭಾಗಿಸಿ: 8.76. ಮಾರುಕಟ್ಟೆಯಲ್ಲಿ ಸಿಗುವ 9 ಮಿ.ಮೀ. ಹಳಿ ಹೆಚ್ಚುಕಡಿಮೆ ಅದೇ. ಮುಂದಿನ ವರ್ಷ ಹೊಸೂರಿನ ಹಳೇ ರೈಲನ್ನೇ ರಟ್ಟಿನಲ್ಲಿ ಕಟ್ಟುತ್ತಾರಂತೆ.

ಆ ತಾಯಿಗೆ ನನ್ನ ಉತ್ತರ ಇಷ್ಟೇ: ಅಮ್ಮಾ, ಡಿಕೋಡರಿಗೆ ಇಂಗ್ಲಿಷೂ ಗೊತ್ತಿಲ್ಲ, ಕನ್ನಡವೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸೊನ್ನೆ, ಒಂದು. ಅದನ್ನು ನಿಮ್ಮ ಮಗ ಕನ್ನಡದಲ್ಲೇ ಅರ್ಥ ಮಾಡಿಕೊಂಡು, ಮನೆಗೆ ಬಂದು ನಿಮಗೂ ವಿವರಿಸಬಲ್ಲ. ಒಮ್ಮೆ ಕೇಳಿ ನೋಡಿ. ಆಮೇಲೆ ಯಾವ ಶಾಲೆ ಎಂದು ತೀರ್ಮಾನಿಸಿ, ನಾನು ತಡೆಯುವುದಿಲ್ಲ.

ನಿಮ್ಮ ಶಾಲೆಯ ಬೀರುವಿನಲ್ಲಿ ಏನಿದೆ? ಗುಜರಿಗೆ ಹಾಕುವ ಮುನ್ನ ಒಮ್ಮೆ ಮಕ್ಕಳ ಕೈಗೆ ಕೊಡಿ.