ಎರಡು ಕಾವಲಿದ್ದರೂ ಮೂರನೆಯದು ಬೇಕು

ಟಿ.ವಿ.ಯಲ್ಲಿ ಬಂದದ್ದೆಲ್ಲ ನಿಜ ಎಂದು ನಂಬುವವರು ಮಕ್ಕಳು ಮಾತ್ರವಲ್ಲ, ಎಷ್ಟೋ ಸಲ ದೊಡ್ಡವರಾದ ನಾವೂ ಹೌದು. ನಾವು ನೆಲೆಸಿರುವ ಈ ಬ್ರಿಟನ್ನಿನಲ್ಲಿ ಜಾಹೀರಾತುಗಳನ್ನು ಯಾರು ಪರೀಕ್ಷಿಸುತ್ತಾರೆ ಎಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು.

ಮೊದಲ ಪರೀಕ್ಷೆ ಪ್ರಸಾರಕ್ಕೆ ಮುಂಚೆ. 2008ರಲ್ಲಿ ಆರಂಭವಾದ ಕ್ಲಿಯರ್‌ಕಾಸ್ಟ್ ಸಂಸ್ಥೆಯು ಪ್ರಮುಖ ಚಾನೆಲ್‌ಗಳ ಪರವಾಗಿ ಮೊದಲು ಸ್ಕ್ರಿಪ್ಟನ್ನು, ನಂತರ ಸಿದ್ಧವಾದ ಜಾಹೀರಾತನ್ನು ನೋಡುತ್ತದೆ. ಹೇಳಿದ ಮಾತಿಗೆ ಪುರಾವೆ ಕೇಳುತ್ತದೆ. ಎರಡನೆಯದು ಪ್ರಸಾರವಾದ ಮೇಲೆ. ಜನರ ದೂರುಗಳನ್ನು ವಿಚಾರಿಸುವುದು 1962ರಲ್ಲಿ ಹುಟ್ಟಿದ ಜಾಹೀರಾತು ಮಾನದಂಡ ಪ್ರಾಧಿಕಾರ, ಅಂದರೆ ಎ.ಎಸ್.ಎ. ಕಾನೂನಿನ ಅಧಿಕಾರವುಳ್ಳ ಆಫ್‌ಕಾಮ್ ಟಿ.ವಿ., ರೇಡಿಯೋ ಜಾಹೀರಾತುಗಳ ಹೊಣೆಯನ್ನು 2004ರಲ್ಲಿ ಎ.ಎಸ್.ಎ.ಗೆ ವಹಿಸಿತು. ತೀರ್ಪಿಗೆ ಮಣಿಯದ ಚಾನೆಲ್‌ಗೆ ದಂಡ ಹಾಕುವ, ಲೈಸೆನ್ಸ್ ರದ್ದು ಮಾಡುವ ಶಕ್ತಿ ಮಾತ್ರ ಆಫ್‌ಕಾಮ್ ಕೈಯಲ್ಲೇ ಇದೆ.

ಒಂದೇ ಕೆಲಸಕ್ಕೆ ಇಷ್ಟು ಸಂಸ್ಥೆಗಳೇಕೆ ಎಂದು ಕೆಲವರು ಕೇಳಬಹುದು. ಇದು ಒಳ್ಳೆಯದೆಂದೇ ನಮ್ಮ ಅಭಿಪ್ರಾಯ. ಕ್ಲಿಯರ್‌ಕಾಸ್ಟ್ ಒಪ್ಪಿದ ಜಾಹೀರಾತನ್ನೂ ಎ.ಎಸ್.ಎ. ತಡೆಯಬಹುದು, ತಡೆದದ್ದೂ ಉಂಟು. ಪ್ರಶ್ನೆಪತ್ರಿಕೆಗೆ ಉತ್ತರ ಬರೆಯಲು ನೆರವಾದವರೇ ಅಂಕವನ್ನೂ ಕೊಟ್ಟರೆ ಹೇಗೆ?

ಆದರೆ ನಿಯಮಗಳಿಗೂ ಮಿತಿಯಿದೆ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳ ಜಾಹೀರಾತನ್ನು ಮಕ್ಕಳ ಕಾರ್ಯಕ್ರಮಗಳ ನಡುವೆ ತೋರಿಸದಂತೆ 2007ರಿಂದಲೇ ನಿರ್ಬಂಧ ಬಂತು. 2026ರ ಜನವರಿಯಿಂದ ಅಂಥ ಹಲವು ತಿನಿಸುಗಳ ಜಾಹೀರಾತು ಬೆಳಗಿನ 5.30ರಿಂದ ರಾತ್ರಿ 9ರವರೆಗೆ ಟಿ.ವಿ.ಯಲ್ಲಿ ಬರುವಂತಿಲ್ಲ. ಆದರೂ ತಿನಿಸನ್ನು ತೋರಿಸದೆ ಕಂಪನಿಯ ಹೆಸರನ್ನಷ್ಟೇ ಮೆರೆಸಲು ಅಡ್ಡಿಯಿಲ್ಲ. ಹೆಸರು ಕೇಳಿದರೆ ಸಾಕು, ನಮ್ಮ ಮಕ್ಕಳಿಗೆ ರುಚಿ ನೆನಪಾಗುತ್ತದೆ!

ನಮ್ಮ ಭಾಷೆಗಳ ಜಾಹೀರಾತುಗಳ ವಿಷಯ ಇನ್ನೂ ಮುಖ್ಯ. ಆಫ್‌ಕಾಮ್ ಲೈಸೆನ್ಸ್ ಪಡೆದ ಚಾನೆಲ್ ಯಾವ ಭಾಷೆಯದಾದರೂ ನಿಯಮ ಒಂದೇ. ಆದರೆ ಹಿಂದಿಯಲ್ಲೋ ತಮಿಳಿನಲ್ಲೋ "ಒಂದೇ ವಾರದಲ್ಲಿ ಮಂಡಿನೋವು ಮಾಯ" ಎಂದರೆ, ಅದನ್ನು ಅರ್ಥ ಮಾಡಿಕೊಂಡು ದೂರು ಕೊಡಬೇಕಾದವರು ನಾವೇ ತಾನೆ? ದೂರಿಗೆ ಹಣ ಬೇಕಿಲ್ಲ. ವಿಚಾರಣೆಗೆ ಒಬ್ಬರ ದೂರೂ ಸಾಕು. "ನಮಗೇಕೆ ಊರ ಉಸಾಬರಿ" ಎಂದು ಸುಮ್ಮನಿದ್ದರೆ ಮೋಸ ಹೋಗುವವರು ನಮ್ಮ ಮನೆಯ ಅಜ್ಜ-ಅಜ್ಜಿಯರೇ.

ಪೋಷಕರೇ, ಮಕ್ಕಳೊಡನೆ ಕುಳಿತು ಜಾಹೀರಾತು ನೋಡೋಣ. ಮಕ್ಕಳೇ, "ಇದಕ್ಕೆ ಪುರಾವೆ ಏನು?" ಎಂದು ಕೇಳಲು ಕಲಿಯಿರಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.