ಮೂರು ಸ್ವರಗಳ ಕೂಡುಬಾಳ್ವೆ

ಕೆಂಗೇರಿ ಉಪನಗರದ ಒಂದು ಮನೆ. ಮಹಡಿ ಕೋಣೆಯ ಕಿಟಕಿಗೆ ದಪ್ಪ ಕಂಬಳಿ ಇಳಿಬಿಟ್ಟಿದೆ. ಮೈಸೂರು ರೈಲಿನ ಸದ್ದು ಒಳಗೆ ಬರಬಾರದಲ್ಲ! ಮೇಜಿನ ಮೇಲೆ ಕಂಪ್ಯೂಟರ್, ಪಕ್ಕದಲ್ಲಿ ಕೀಬೋರ್ಡ್, ಒಂದು ಮೈಕು. ಇಷ್ಟಿದ್ದರೆ ಈಗ ಮನೆಯೇ ಸ್ಟುಡಿಯೊ. ಪಿಯುಸಿ ಓದುವ ಹುಡುಗ, ತಾಯಿ ಮೋಹನ ರಾಗದಲ್ಲಿ ಹಾಡಿದ ದೇವರನಾಮವನ್ನು ಧ್ವನಿಮುದ್ರಿಸಿಕೊಂಡಿದ್ದಾನೆ. ಕೀಬೋರ್ಡನ್ನು ಅವರ ಶ್ರುತಿಗೆ ಹೊಂದಿಸಿ, ‘ಸಿ’ ಮನೆಯನ್ನೇ ಷಡ್ಜ ಮಾಡಿಕೊಂಡು, ತಾನು ಕಲಿತ ‘ಸಿ’, ‘ಎಫ್’, ‘ಜಿ’ ಎಂಬ ಮೂರು ಕಾರ್ಡ್‌ಗಳನ್ನು ಸೇರಿಸಿದ್ದಾನೆ. ಅದನ್ನು ಕೇಳಿದ ತಾಯಿ, “ಇದರೊಳಗೆ ಮಧ್ಯಮ ಎಲ್ಲಿಂದ ಬಂತೋ? ನಾನು ಹಾಡಿದ್ದು ಮೋಹನ ಕಣೋ” ಎಂದರು. ತಂದೆಯ ತಕರಾರು ಬೇರೆ: “ಮೊದಲು ಫಿಸಿಕ್ಸ್ ಓದು.”

ತಾಯಿಯ ಕಿವಿ ಮೋಸಹೋಗಿಲ್ಲ. ತಂದೆಯ ಮಾತೂ, ಅವರು ಅಂದುಕೊಂಡ ಅರ್ಥದಲ್ಲಿ ಅಲ್ಲದಿದ್ದರೂ, ಸರಿಯೇ. ಕಾರ್ಡಿನ ಗುಟ್ಟಿರುವುದು ಫಿಸಿಕ್ಸ್ ಪುಸ್ತಕದ ಅಲೆಗಳ ಅಧ್ಯಾಯದಲ್ಲಿ.

ಮೂರು ಅಥವಾ ಹೆಚ್ಚು ಸ್ವರಗಳು ಒಟ್ಟಿಗೆ ನುಡಿದರೆ ಅದು ಕಾರ್ಡ್. ಷಡ್ಜ, ಅಂತರ ಗಾಂಧಾರ, ಪಂಚಮ ಮೂರನ್ನೂ ಒಮ್ಮೆಗೇ ಒತ್ತಿದರೆ ಮೇಜರ್ ಕಾರ್ಡ್. ಲೆಕ್ಕಕ್ಕೆ ಸುಲಭವಾಗಲೆಂದು ಷಡ್ಜದ ಕಂಪನ ಸೆಕೆಂಡಿಗೆ 240 ಎಂದಿಟ್ಟುಕೊಳ್ಳೋಣ. ಆಗ ಗಾಂಧಾರ 300, ಪಂಚಮ 360. ಅಂದರೆ 4:5:6. ಇಷ್ಟು ಸರಳ ಪ್ರಮಾಣವಿರುವುದರಿಂದಲೇ ಮೂರೂ ಜಗಳವಿಲ್ಲದೆ ಕೂಡಿಕೊಳ್ಳುತ್ತವೆ.

ಇದು ಪಾಶ್ಚಾತ್ಯರ ಸ್ವತ್ತೇನಲ್ಲ. ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಮೀಟಿ ಕಿವಿಗೊಡಿ. ತಂತಿ 120 ಬಾರಿ ಕಂಪಿಸುತ್ತಿದ್ದರೆ, ಅದರೊಡನೆ 240, 360, 480, 600, 720 ಕಂಪನಗಳ ಹಾರ್ಮೋನಿಕ್‌ಗಳೂ ಹೊಮ್ಮುತ್ತಿರುತ್ತವೆ. ಕೊನೆಯ ಮೂರನ್ನು 120ರಿಂದ ಭಾಗಿಸಿ: ಮತ್ತೆ 4, 5, 6! ಯಾರೂ ಮೀಟದೆ ಕೇಳಿಬರುವ ಆ 600ರ ಸ್ವರವನ್ನೇ ವಿದ್ವಾಂಸರು ಸ್ವಯಂಭು ಗಾಂಧಾರ ಎಂದು ಕರೆದದ್ದು.

ಹಾಗಾದರೆ ಹುಡುಗ ತಪ್ಪಿದ್ದೆಲ್ಲಿ? ಮೋಹನದಲ್ಲಿ ಇರುವುದು ಸ, ರಿ, ಗ, ಪ, ದ ಎಂಬ ಐದೇ ಸ್ವರ. ‘ಎಫ್’ ಕಾರ್ಡಿನಲ್ಲಿರುವುದು ಮ, ದ, ಸ. ‘ಜಿ’ಯಲ್ಲಿರುವುದು ಪ, ನಿ, ರಿ. ಮೊದಲನೆಯದು ಮಧ್ಯಮವನ್ನೂ ಎರಡನೆಯದು ನಿಷಾದವನ್ನೂ ಕರೆಯದೆ ಕರೆತಂದಿವೆ. ಕೀಬೋರ್ಡಿನಲ್ಲಿ ಕಪ್ಪು ಬಿಳಿ ಮನೆಗಳನ್ನೆಲ್ಲ ಎಣಿಸುತ್ತ ನಾಲ್ಕು ಮನೆ, ಆಮೇಲೆ ಮೂರು ಮನೆ ಏರಿದರೆ ಮೇಜರ್. ಮೂರು, ಆಮೇಲೆ ನಾಲ್ಕು ಏರಿದರೆ ಮೈನರ್. ಈ ಲೆಕ್ಕದಲ್ಲಿ ಮೋಹನದ ಐದು ಸ್ವರಗಳನ್ನು ಜಾಲಾಡಿದರೆ ಸಿಗುವ ಪೂರ್ಣ ಕಾರ್ಡ್‌ಗಳು ಎರಡೇ: ಸ-ಗ-ಪ, ಅಂದರೆ ‘ಸಿ’ ಮೇಜರ್, ದ-ಸ-ಗ, ಅಂದರೆ ‘ಎ’ ಮೈನರ್. ‘ಜಿ’ ಬೇಕೇಬೇಕೆಂದರೆ ನಿಷಾದ ಬಿಟ್ಟು ಪ-ರಿ ಮಾತ್ರ ಒತ್ತಬಹುದು. ಬಡತನವೆನಿಸಬಹುದು, ಆದರೆ ರಾಗ ಉಳಿಯುತ್ತದೆ. ಕಾರ್ಡ್ ಕಲಿಯುವವರು ಏಳೂ ಸ್ವರವಿರುವ ಶಂಕರಾಭರಣದಿಂದ ಆರಂಭಿಸುವುದೇ ವಾಸಿ. ಅಲ್ಲಿ ಮೂರು ಮೇಜರ್, ಮೂರು ಮೈನರ್ ಧಾರಾಳವಾಗಿ ಸಿಗುತ್ತವೆ. ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡಿನ ಧಾಟಿಗಳಿಗೆ ಸಾಹಿತ್ಯ ಹೊಂದಿಸಿ ನೋಟುಸ್ವರಗಳನ್ನು ಮಾಡಿದ್ದೂ ಈ ಸ್ವರಗಳಲ್ಲೇ.

ಇನ್ನೊಂದು ತೊಡಕಿದೆ, ಇದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಕೀಬೋರ್ಡ್ ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡುತ್ತದೆ. ಹಾಗಾಗಿ ಅದರ ಗಾಂಧಾರ 300 ಅಲ್ಲ, ಸುಮಾರು 302.4. ತಂಬೂರಿಗೆ ಒಗ್ಗಿದ ಕಂಠ 300ರಲ್ಲಿ ನಿಂತು ನೀಳವಾಗಿ ಹಾಡಿದರೆ, ಎರಡೂ ಸೇರಿ ಸೆಕೆಂಡಿಗೆ ಎರಡು ಸಲಕ್ಕಿಂತ ತುಸು ಹೆಚ್ಚು ಏರಿಳಿಯುವ ‘ಬೀಟ್ಸ್’ ಹುಟ್ಟುತ್ತವೆ. “ಶ್ರುತಿ ಎಲ್ಲೋ ಅಲ್ಲಾಡ್ತಾ ಇದೆ” ಎಂದು ಹಿರಿಯರು ಗೊಣಗಿದರೆ ಬೈದುಕೊಳ್ಳಬೇಡಿ. ಉಪಾಯ ಸುಲಭ. ಕಂಠ ಗಾಂಧಾರದಲ್ಲಿ ನಿಂತಾಗ ಕೈ ಸ-ಪ ಮಾತ್ರ ಒತ್ತಲಿ. ಕಾರ್ಡನ್ನು ಕಂಠವೇ ಪೂರ್ಣ ಮಾಡುತ್ತದೆ. ಸ್ವರ ಗಮಕದಲ್ಲಿ ತೂಗುವಾಗ ಕೈ ಎತ್ತಿಬಿಡುವುದೇ ಮೇಲು. ತೂಗುತ್ತಿರುವ ಸ್ವರಕ್ಕೆ ನಿಂತ ಸ್ವರಗಳನ್ನು ಕಟ್ಟಿಹಾಕುವುದು ಹೇಗೆ?

ಇದೇ ರಸ್ತೆಯ ಆಚೆ ತುದಿಯಾದ ಮೈಸೂರಿನಲ್ಲಿ ಜಯಚಾಮರಾಜ ಒಡೆಯರು (1919–1974) ಪಿಯಾನೊ ಬಲ್ಲವರಾಗಿದ್ದರು. ರಷ್ಯದ ನಿಕೊಲಾಯ್ ಮೆಟ್ನರ್ ಅವರ ಸಂಗೀತದ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಒಡೆಯರಿಗೆ ಅರ್ಪಿಸಿದರು. ಕಾರ್ಡ್ ಬಗ್ಗೆ ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಆದರೂ ಅವರು ರಚಿಸಿದ 94 ಕೃತಿಗಳು ಶುದ್ಧ ಕರ್ನಾಟಕ ಪದ್ಧತಿಯವು. ಚಿತ್ರಸಂಗೀತದ ದಾರಿ ಬೇರೆಯಾಯಿತು. ಜಿ.ಕೆ. ವೆಂಕಟೇಶ್ ಕನ್ನಡ ಚಿತ್ರಗಳಿಗೆ ಸಂಗೀತ ನೀಡುತ್ತಿದ್ದಾಗ ಅವರಿಗೆ ಸಹಾಯಕರಾಗಿ ಗಿಟಾರ್ ಹಿಡಿದವರು ಇಳಯರಾಜಾ. ರಾಗ, ಕಾರ್ಡ್ ಎರಡನ್ನೂ ಒಂದೇ ಹಾಡಿನಲ್ಲಿ ಬಾಳಿಸಬಹುದೆಂಬುದಕ್ಕೆ ಅವರ ಹಾಡುಗಳೇ ಸಾಕ್ಷಿ.

ಕೆಂಗೇರಿಯ ಹುಡುಗ ಈಗ ‘ಎಫ್’ ಅಳಿಸಿದ್ದಾನೆ, ‘ಜಿ’ಯಿಂದ ನಿಷಾದ ತೆಗೆದಿದ್ದಾನೆ. ಚರಣದ ಎರಡು ಕಡೆ ‘ಎ’ ಮೈನರ್ ಕೂರಿಸಿ ಕೇಳಿಸಿದಾಗ ತಾಯಿ, “ಇದು ಪರವಾಗಿಲ್ಲ” ಎಂದರಂತೆ. ಆದರೆ ಪಲ್ಲವಿಯನ್ನು ಇನ್ನೊಮ್ಮೆ ಹಾಡಲೇಬೇಕು. ಕಂಬಳಿ ಇದ್ದರೂ ಅಲ್ಲಿ ರೈಲು ನುಗ್ಗಿಬಿಟ್ಟಿದೆ.